ಹೊಸದಾಗಿ ಹಳೆಯದಾದ ಸ್ಟೂಲು

ಭಾನುವಾರ ಬೆಳಗ್ಗೆ ಪೇಪರ್ ಹಿಡಿದು ಕೂತಿದ್ದೆ. ಮಗಳು ಬಂದು ಕೈಗೆ ಮೇಣದಬತ್ತಿ ಕೊಟ್ಟಳು. ಕರೆಂಟ್ ಇತ್ತು.

'ಸ್ಟೂಲಿನ ಅಂಚಿಗೆ ಉಜ್ಜು ಅಪ್ಪಾ' ಅಂದಳು. ಹೊಸ ಸ್ಟೂಲು ಸವೆದ ಹಳೆಯದರ ಹಾಗೆ ಕಾಣಬೇಕಂತೆ. ಕಂದು ಬಣ್ಣ ಒಣಗಿದ ಮೇಲೆ ಅಲ್ಲಲ್ಲಿ ಮೇಣ ಉಜ್ಜಿ, ಮೇಲೆ ನೀಲಿ ಬಳಿಯಬೇಕಂತೆ. ಮೇಣ ಇದ್ದ ಕಡೆ ನೀಲಿ ಕಚ್ಚುವುದಿಲ್ಲ, 120 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ತಿಕ್ಕಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಪೇಂಟ್ ಕಂಟ್ರಾಕ್ಟರ್ ಇದನ್ನೇ ಮೇಣ ಇಲ್ಲದೆ ಮಾಡಿದ್ದ. ಅವನ ಬಾಕಿ ದುಡ್ಡು ಹಿಡಿದಿಟ್ಟಿದ್ದೆವು.

ಸಾಗರದ ಹತ್ತಿರ ನಮ್ಮ ಅಜ್ಜನ ಮನೆ ಜಗಲಿಯಲ್ಲಿ ಒಂದು ಬೆಂಚಿತ್ತು. ಮನೆಯಲ್ಲಿ ಮದುವೆ ಬಂದಾಗಲೆಲ್ಲ ಕಿಟಕಿಗೆ ಹೊಡೆದು ಉಳಿದ ಪೇಂಟು ಅದಕ್ಕೆ. ದೊಡ್ಡತ್ತೆ ಮದುವೆಗೆ ಹಸಿರು, ಸಣ್ಣತ್ತೆ ಮದುವೆಗೆ ನೀಲಿ. ಹಳೆಯದನ್ನು ಕೆರೆದು ತೆಗೆಯುವ ರೂಢಿಯೇ ಇರಲಿಲ್ಲ. ಸಣ್ಣತ್ತೆ ಮದುವೆ ಮೇ ಕೊನೆಗೆ, ಮಳೆ ಬೇಗ ಹಿಡಿದಿತ್ತು, ಟರ್ಪೆಂಟೈನ್ ದುಬಾರಿ ಅಂತ ಅಜ್ಜ ಪೇಂಟಿಗೆ ಸೀಮೆಎಣ್ಣೆ ಬೇರೆ ಸುರಿದಿದ್ದ, ಒಣಗುವುದೆಲ್ಲಿಂದ ಬಂತು? ಮೂರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಮುಟ್ಟಬೇಡಿ ಅಂತ ಮಕ್ಕಳಿಗೆಲ್ಲ ಹೇಳಿದ್ದರು, ಬೀಗರಿಗೆ ಯಾರೂ ಹೇಳಲಿಲ್ಲ. ಗಂಡಿನ ಸೋದರಮಾವ, ಒಳ್ಳೆ ದಪ್ಪ ಆಳು, ಗರಿಗರಿ ಬಿಳಿ ಪಂಚೆಯಲ್ಲಿ ಬಂದು ಕೂತವರು ಎರಡು ಎಲೆಅಡಿಕೆ ಕವಳ ಮುಗಿಸಿ ಎದ್ದರು. ಚರ್ರ್ ಅಂತ ಸದ್ದು. ಪಂಚೆಗೆ ನೀಲಿ ಪಟ್ಟೆ, ಬೆಂಚಿನಲ್ಲಿ ಹಸಿರು ವೃತ್ತ. ಅಜ್ಜ ತನ್ನ ಹೊಸ ಪಂಚೆ ಕೊಟ್ಟು ಮರ್ಯಾದೆ ಉಳಿಸಿಕೊಂಡ. ಆ ಪಟ್ಟೆ ಪಂಚೆಯನ್ನು ಎಸೆಯಲಿಲ್ಲ, ಎಷ್ಟೋ ವರ್ಷ ಅದನ್ನೇ ಉಟ್ಟು ತೋಟಕ್ಕೆ ಹೋದ. ನಾವು ಮಕ್ಕಳು ರಜೆಗೆ ಹೋದಾಗಲೆಲ್ಲ ಆ ಹಸಿರು ಜಾಗದಲ್ಲಿ ಕೂತು ನೋಡುತ್ತಿದ್ದೆವು, ಯಾರಿಗೂ ತುಂಬಲಿಲ್ಲ. ಇಬ್ಬರು ಕೂತರೂ ಜಾಗ ಉಳಿಯುತ್ತಿತ್ತು.

ಬೆಂಚಿನ ಎಡತುದಿಯಲ್ಲಿ ಅಜ್ಜನ ಕವಳದ ತಟ್ಟೆ. ಅದನ್ನು ಎಳೆದೂ ಎಳೆದೂ ಅಲ್ಲಿ ಬಣ್ಣವೇ ಇರಲಿಲ್ಲ, ಮರ ಹೊಳೆಯುತ್ತಿತ್ತು.

ಈಗ ಅಂಗಡಿಯಲ್ಲಿ ಹೀಗೆ ತಿಕ್ಕಿಸಿಕೊಂಡ ಸ್ಟೂಲಿಗೆ ಹೊಸದಕ್ಕಿಂತ ಜಾಸ್ತಿ ಬೆಲೆ. ಕೂತು ಸವೆಸುವ ಕೆಲಸಕ್ಕೂ ಕೂಲಿ! ಊರಿನ ಹಳೆ ಸಾಮಾನೇ ತಂದು ಉಜ್ಜೋಣ ಅಂದಳು ಮಗಳು. ಬೇಡವೇ ಬೇಡ ಅಂದೆ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅಂತ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ತಿಕ್ಕಿದರೆ ಆ ಧೂಳೆಲ್ಲ ನಮ್ಮ ಹೊಟ್ಟೆಗೆ. ಅದೊಂದರಲ್ಲಿ ನನ್ನ ಮಾತು ನಡೆಯಿತು.

ಉಳಿದದ್ದರಲ್ಲಿ ಇಲ್ಲ. ಮೂಲೆಗೆ ಉಜ್ಜು ಅನ್ನುತ್ತಾಳೆ. ಮೂಲೆಯಲ್ಲಿ ಯಾರಾದರೂ ಕೂರುತ್ತಾರಾ? ನಾನು ನಡುವೆಯೇ, ಸ್ವಲ್ಪ ಎಡಕ್ಕೆ, ದೊಡ್ಡದಾಗಿ ಉಜ್ಜಿದೆ.

'ಹಾಳು ಮಾಡಿದೆ ಅಪ್ಪಾ' ಅಂತ ಅದರ ಮೇಲೆ ನನ್ನ ಪೇಪರ್ ಮುಚ್ಚಿ ಹೋಗಿದ್ದಾಳೆ. ಇನ್ನೂ ಓದಿರಲಿಲ್ಲ.