ಲೋಡ್ ಜಾಸ್ತಿ, ಬ್ರೇಕ್ ಹಳೆಯದೇ!

ಕಬ್ಬಿನ ಸೀಸನ್ ಬಂದರೆ ಮಂಡ್ಯದ ನಮ್ಮ ಗ್ಯಾರೇಜಿನಲ್ಲಿ ನನಗೆ ಹೊಟ್ಟೆ ಉರಿಯುತ್ತದೆ. ಲೋಡ್ ಜಾಸ್ತಿ ಹೊರಲಿ ಅಂತ ಲಾರಿಗೆ ಸ್ಪ್ರಿಂಗ್ ಪ್ಲೇಟ್ ಸೇರಿಸಿರುತ್ತಾರೆ, ಬಾಡಿ ಎತ್ತರಿಸಿರುತ್ತಾರೆ. ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. ಯಾರು ಕೇಳುತ್ತಾರೆ?

ಬ್ರೇಕ್ ಮಾತ್ರ ಹಳೆಯದೇ. ಚಕ್ರದ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಲೈನಿಂಗ್ ಸವೆದು, ಅದನ್ನು ಹಿಡಿದಿಟ್ಟ ರಿವಿಟ್ ಡ್ರಮ್ಮನ್ನೇ ಕೆರೆಯುತ್ತಿರುತ್ತದೆ. ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಸೇರಿದ ನೀರನ್ನು ಹೊರಬಿಡುವುದಿಲ್ಲ, ಅದು ವಾಲ್ವಿಗೆ ಹೋಗಿ ತುಕ್ಕು ಹಿಡಿಸುತ್ತದೆ. ಇನ್ನು ವೈರಿಂಗ್! 24 ವೋಲ್ಟಿನ ಲೈನಿಗೆ ಫ್ಯೂಸಿಲ್ಲದೆ ಸಾಲು ಸಾಲು ಲೈಟು.

"ಸೀಸನ್ ಮುಗೀಲಿ ಅಣ್ಣ, ಈಗ ಸುಮ್ನೆ ಬ್ರೇಕ್ ಟೈಟ್ ಮಾಡಿಕೊಡಿ" ಅನ್ನುತ್ತಾರೆ ಲಾರಿಯವರು. ಲಾರಿ ಮುಂದೆ ಹೋಗುವ ಸ್ಕೂಟರಿನಲ್ಲಿ ಮಕ್ಕಳಿರುತ್ತಾರೆ, ಅಲ್ವಾ? ಲೈನಿಂಗ್ ಬದಲಿಸದೆ ನಾನು ಚಕ್ರ ಜೋಡಿಸಿಕೊಡುವುದಿಲ್ಲ. ಬೇಕಾದರೆ ಬೈಯಲಿ.