ಬಾಗಿಲಲ್ಲಿ ನಿಲ್ಲಿಸಿದ ವೇಷ

ಮಂಗಳೂರಿನ ಹೋಟೆಲೊಂದರಲ್ಲಿ ನಿನ್ನೆ ನಡೆದ ‘ನಾವೀನ್ಯ ಮತ್ತು ಆರ್ಥಿಕ ಬೆಳವಣಿಗೆ’ ಸಮಾವೇಶಕ್ಕೆ ಹೋಗಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬಾಗಿಲಲ್ಲಿ ಯಕ್ಷಗಾನದ ವೇಷಧಾರಿಯೊಬ್ಬರನ್ನು ಕೈಮುಗಿಸಿ ನಿಲ್ಲಿಸಿದ್ದರು. ಬೆಳಿಗ್ಗೆಯೇ ಬಣ್ಣ ಬರೆದು, ಕಿರೀಟ, ಎದೆಕಟ್ಟು, ಭುಜಕೀರ್ತಿ ಕಟ್ಟಿಕೊಂಡಿದ್ದ ಅವರ ಕೆನ್ನೆಯ ಬಣ್ಣ ಸೆಕೆಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಬಂದವರೆಲ್ಲ ಸೆಲ್ಫಿ ತೆಗೆದುಕೊಂಡು ಒಳಗೆ ಹೋದರು. ಒಳಗಿನ ಭಾಷಣಗಳಲ್ಲಿ ಕಲೆಯ ಪ್ರಸ್ತಾಪ ಬಂದದ್ದು ಸ್ವಾಗತದಲ್ಲಿ ಮತ್ತು ವಂದನಾರ್ಪಣೆಯಲ್ಲಿ ಮಾತ್ರ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಒಂದು ಮೇಳ, ಅಂದರೆ ಯಕ್ಷಗಾನದ ತಂಡ, ಹೊರಟರೆ ಭಾಗವತರು, ಚೆಂಡೆ-ಮದ್ದಳೆಯವರು, ವೇಷಧಾರಿಗಳಷ್ಟೇ ಹೊರಡುವುದಿಲ್ಲ. ರಂಗಸ್ಥಳ ಕಟ್ಟುವವರು, ವೇಷಭೂಷಣದವರು, ಧ್ವನಿ-ಬೆಳಕಿನವರು, ಲಾರಿಯ ಚಾಲಕರು ಎಲ್ಲರೂ ಹೊರಡುತ್ತಾರೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ನಡೆಯಬೇಕಾದ ಮೇಳಗಳ ತಿರುಗಾಟ 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನಿನಿಂದ ನಡುವೆಯೇ ನಿಂತಿತು. ಕಾರ್ಖಾನೆ ಮುಚ್ಚಿದ್ದರೆ ಉದ್ಯೋಗನಷ್ಟದ ಅಂಕಿಅಂಶ ಬರುತ್ತಿತ್ತು. ಇವರಿಗೆ ಬಂದದ್ದು ದಾನಿಗಳ ಅಕ್ಕಿ-ಬೇಳೆಯ ಕಿಟ್.

ಇನ್ನು ನಾವೀನ್ಯದ ಮಾತು. ಯಕ್ಷಗಾನ ಪ್ರಸಂಗದಲ್ಲಿರುವುದು ಬಹುಪಾಲು ಪದ್ಯ. ಸಂಭಾಷಣೆಯನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ವೇಷ-ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಎದುರಿನವರ ಮಾತನ್ನು ಕೇಳಿಸಿಕೊಂಡು, ಪಾತ್ರದ ಚೌಕಟ್ಟನ್ನು ಮೀರದೆ, ಕುಳಿತಲ್ಲಿಯೇ ಹೊಸ ವಾದ ಹೂಡಬೇಕು. ಇದನ್ನು ಕೇಳಿ ಬೆಳೆದವರು ಇಂದು ನ್ಯಾಯಾಲಯಗಳಲ್ಲಿಯೂ ಸಾಫ್ಟ್‌ವೇರ್ ಕಂಪನಿಗಳಲ್ಲಿಯೂ ಇದ್ದಾರೆ. ಒಳಗೆ ‘ಸೃಜನಶೀಲ ಚಿಂತನೆ’ಯ ತರಬೇತಿಗೆ ಶುಲ್ಕವಿತ್ತು, ಅದನ್ನೇ ಉಸಿರಾಡುವವರು ಬಾಗಿಲು ಕಾಯುತ್ತಿದ್ದರು!

ಕಲೆ ಆರಾಧನೆ, ಅದನ್ನು ದುಡ್ಡಿನಿಂದ ಅಳೆಯಬಾರದು ಎಂದು ಊಟದ ಹೊತ್ತಿಗೆ ಹಿರಿಯರೊಬ್ಬರು ಬುದ್ಧಿ ಹೇಳಿದರು. ಆರಾಧನೆ ಹೌದು ಸ್ವಾಮೀ, ಆದರೆ ಕಲಾವಿದನ ಮಗಳ ಕಾಲೇಜು ಅದನ್ನು ಫೀಸಾಗಿ ಸ್ವೀಕರಿಸುವುದಿಲ್ಲ. ಈ ಉಪದೇಶ ಮಾಡುವವರಲ್ಲಿ ಸಂಬಳವಿಲ್ಲದೆ ದುಡಿದವರನ್ನು ನಾನಂತೂ ಕಂಡಿಲ್ಲ.

ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದೇ 1925ರಲ್ಲಿ ಉಡುಪಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಮನೆಮನೆಗೆ ಹೋಗಿ ದಿನವೂ ಚಿಲ್ಲರೆ ಕಾಸು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ್ದೂ ಅದೇ ಸಂಸ್ಥೆ. ಮಗ್ಗದ ಕಷ್ಟವನ್ನು ಉದ್ಯಮದ ಕಷ್ಟವೆಂದು ಕಂಡವರಿಗೆ ಬ್ಯಾಂಕಿಂಗಿನಲ್ಲೇ ಹೊಸ ದಾರಿ ಹೊಳೆಯಿತು. ನಿನ್ನೆ ವೇದಿಕೆಯಲ್ಲಿದ್ದ ಮಹನೀಯರಲ್ಲಿ ಒಬ್ಬರಿಗೂ ಇದು ನೆನಪಾಗಲಿಲ್ಲ.

ವೇಷಭೂಷಣ ತಯಾರಿಸಿ ಬಾಡಿಗೆಗೆ ಕೊಡುವ ನನ್ನ ಪರಿಚಿತರೊಬ್ಬರು ಕಳೆದ ಮಳೆಗಾಲದಲ್ಲಿ ಹೊಸ ಸೆಟ್ ಮಾಡಿಸಲು ಸಾಲ ಕೇಳಿದರು. ‘ಇದು ಯಾವ ಉದ್ಯಮ?’ ಎಂದು ಕೇಳಿದ ಅಧಿಕಾರಿಗೆ ಅವರು ಅಳತೆ, ಕೂಲಿ, ಮುಂಗಡ ಬುಕಿಂಗ್ ಎಲ್ಲವನ್ನೂ ತೋರಿಸಿದರು. ಆಗಲಿಲ್ಲ. ಕೊನೆಗೆ ಹೆಂಡತಿಯ ಬಳೆ ಅಡವಿಟ್ಟು ಚಿನ್ನದ ಸಾಲ ಪಡೆದರು. ಅದಕ್ಕೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.