ಮಿಂಚಿನ ಸದ್ದಿಗೂ ಗೋಳದ ಗಣಿತಕ್ಕೂ ಒಂದೇ ಹೆಸರು

ನಿಘಂಟಿನಲ್ಲಿ ‘ಸ್ಫೆರಿಕ್ಸ್’ ಹುಡುಕಿದರೆ ಎರಡು ಅರ್ಥ ಸಿಗುತ್ತವೆ. ಒಂದು, ಗೋಳದ ಮೇಲ್ಮೈಯ ಜ್ಯಾಮಿತಿ. ಇನ್ನೊಂದು, ಮಿಂಚಿನಿಂದ ಹುಟ್ಟಿ ರೇಡಿಯೋದಲ್ಲಿ ಕರಕರ ಕೇಳಿಸುವ ವಾತಾವರಣದ ಗಲಾಟೆ. ಒಂದರ ಕೆಳಗೊಂದು ಅಂಕಿ ಹಾಕಿ ಕೂರಿಸಿರುತ್ತಾರೆ, ಮುಖಪರಿಚಯವೂ ಇಲ್ಲದವರ ಹಾಗೆ. ಇದು ಸರಿಯಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ಈ ಎರಡು ಅರ್ಥಗಳಿಗೆ ಹತ್ತಿರದ ನಂಟಿದೆ.

ಮೊದಲನೆಯದು ತುಂಬಾ ಹಳೆಯದು. ಗ್ರೀಕ್ ಗಣಿತಜ್ಞ ಥಿಯೋಡೋಸಿಯಸ್ ಈ ಹೆಸರಿನಲ್ಲೇ ಮೂರು ಭಾಗಗಳ ಗ್ರಂಥ ಬರೆದದ್ದು ಕ್ರಿಸ್ತಪೂರ್ವದಲ್ಲಿ. ಕ್ರಿ.ಶ. 100ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಮೆನೆಲಾಸ್ ಗೋಳದ ಮೇಲಿನ ತ್ರಿಭುಜಗಳ ಬಗ್ಗೆಯೇ ಬರೆದ. ಅವನ ಗ್ರೀಕ್ ಮೂಲ ಕಳೆದುಹೋಗಿ ಅರಬ್ಬಿಯಲ್ಲಿ ಉಳಿದುಕೊಂಡಿತು. ನಮ್ಮ ಜ್ಯೋತಿಷಿಗಳೂ ಈ ಶಾಸ್ತ್ರವನ್ನು ‘ಗೋಳ’ ಅಂತಲೇ ಕರೆದರು. ಆರ್ಯಭಟೀಯದ ಕೊನೆಯ ಭಾಗ ಗೋಳಪಾದ.

ಒಂದು ಚೆಂಡು, ಒಂದು ಪೆನ್ನು ತಗೊಳ್ಳಿ. ಚೆಂಡಿನ ನೆತ್ತಿಯಿಂದ ನಡುವಿನವರೆಗೆ ನೇರ ಗೆರೆ ಎಳೆಯಿರಿ. ಅಲ್ಲಿಂದ ನಡುವಿನ ಗುಂಟ ಕಾಲು ಸುತ್ತು ಹೋಗಿ, ಮತ್ತೆ ನೆತ್ತಿಗೆ ಹತ್ತಿ. ತ್ರಿಭುಜವಾಯಿತು, ಮೂರೂ ಮೂಲೆಗಳಲ್ಲಿ ಲಂಬಕೋನ! ಒಟ್ಟು 270 ಡಿಗ್ರಿ. ಶಾಲೆಯಲ್ಲಿ ಕಲಿತ 180 ಎಲ್ಲಿ ಹೋಯಿತು? ಅದು ಸಮತಟ್ಟಾದ ಕಾಗದಕ್ಕೆ ಮಾತ್ರ. ಗೋಳದ ಮೇಲೆ ತ್ರಿಭುಜ ದೊಡ್ಡದಾದಷ್ಟೂ ಕೋನಗಳ ಮೊತ್ತ 180ನ್ನು ಮೀರುತ್ತ ಹೋಗುತ್ತದೆ. ಆ ಹೆಚ್ಚುವರಿಯಿಂದಲೇ ತ್ರಿಭುಜದ ವಿಸ್ತೀರ್ಣ ಲೆಕ್ಕ ಹಾಕಬಹುದು. ಎಷ್ಟು ಸಲ ನೋಡಿದರೂ ನನಗೆ ಇದು ಹೊಸದೇ.

ಇನ್ನು ಎರಡನೆಯದು. ಗುಡುಗಿನ ರಾತ್ರಿ ಮೀಡಿಯಂ ವೇವ್ ಹಾಕಿದರೆ ಹಾಡಿನ ನಡುವೆ ಚಟ್ ಚಟ್ ಅನ್ನುತ್ತದಲ್ಲ, ಅದೇ. ಒಂದೊಂದು ಮಿಂಚೂ ಒಂದು ರೇಡಿಯೋ ಪ್ರಸಾರ ಇದ್ದಂತೆ. ಅದರ ಬಲ ಹೆಚ್ಚಾಗಿ ಇರುವುದು ಕೆಲವೇ ಕಿಲೋಹರ್ಟ್ಸ್‌ನಷ್ಟು ಕಡಿಮೆ ಆವರ್ತನಗಳಲ್ಲಿ. ಆ ಅಲೆಗಳು ನೆಲ ಮತ್ತು ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರದ) ನಡುವೆ ಸಿಕ್ಕಿಕೊಂಡು ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಕೆಲವು ಭೂಮಿಯ ಕಾಂತರೇಖೆಗಳನ್ನು ಹಿಡಿದು ಇನ್ನೊಂದು ಗೋಳಾರ್ಧದಲ್ಲಿ ಇಳಿದು, ಮೇಲಿಂದ ಕೆಳಕ್ಕೆ ಜಾರುವ ಸಿಳ್ಳೆಯಂತೆ ಕೇಳಿಸುತ್ತವೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಫೋನ್ ಮಾತು ಕದ್ದು ಕೇಳುತ್ತಿದ್ದವರಿಗೆ ಈ ಸಿಳ್ಳೆ ಕೇಳಿಸಿತ್ತು. ಜರ್ಮನ್ ವಿಜ್ಞಾನಿ ಬಾರ್ಕ್‌ಹೌಸೆನ್ 1919ರಲ್ಲಿ ಅದರ ಬಗ್ಗೆ ಬರೆದ.

ಈ ಸದ್ದಿಗೆ ಸ್ಫೆರಿಕ್ಸ್ ಅನ್ನುವ ಹೆಸರು ಬಂದದ್ದು ‘ಅಟ್ಮಾಸ್ಫೆರಿಕ್ಸ್’ನ ತಲೆ ಕತ್ತರಿಸಿ. ಹಾಗಾಗಿ ಬರೀ ಕಾಕತಾಳೀಯ ಅನ್ನುವವರಿದ್ದಾರೆ. ಆದರೆ ಕತ್ತರಿಸಿದ ಮೇಲೆ ಉಳಿದದ್ದೇನು? ಗೋಳ ಅನ್ನುವ ಅದೇ ಗ್ರೀಕ್ ಪದ. ಅಟ್ಮಾಸ್ಫಿಯರ್ ಅಂದರೆ ಆವಿಯ ಗೋಳ.

ಪದದ ಮಾತು ಬಿಡಿ, ಕೆಲಸದಲ್ಲೂ ಇವೆರಡನ್ನು ಬೇರೆ ಮಾಡಲಾಗುವುದಿಲ್ಲ. ರೇಡಾರ್‌ಗೆ ಮುಂಚೆ, 1920ರ ದಶಕದಲ್ಲಿ, ಮುಂದೆ ರೇಡಾರ್ ರೂಪಿಸಿದ ಬ್ರಿಟಿಷ್ ವಿಜ್ಞಾನಿ ರಾಬರ್ಟ್ ವಾಟ್ಸನ್-ವಾಟ್ ಈ ಚಟ್ ಸದ್ದು ಬಂದ ದಿಕ್ಕನ್ನು ಪರದೆಯ ಮೇಲೆ ಗೆರೆಯಾಗಿ ಮೂಡಿಸುತ್ತಿದ್ದ, ಗುಡುಗುಮಳೆ ಎಲ್ಲಿದೆ ಅಂತ ತಿಳಿಯಲು. ಎರಡು ಕೇಂದ್ರಗಳು ಒಂದೇ ಮಿಂಚಿನ ದಿಕ್ಕು ಹಿಡಿದರೆ, ಗೆರೆಗಳು ಕೂಡುವ ಕಡೆ ಮಿಂಚು. ಹತ್ತಿರದಲ್ಲಾದರೆ ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದರೂ ನಡೆದೀತು. ಸಾವಿರಾರು ಕಿಲೋಮೀಟರ್ ದೂರವಾದರೆ ಲೆಕ್ಕ ಎಲ್ಲೆಲ್ಲೋ ಹೋಗುತ್ತದೆ, ಏಕೆಂದರೆ ಅಲೆ ಬರುವುದು ಭೂಮಿಯ ಬಾಗಿನ ಗುಂಟ, ಮಹಾವೃತ್ತದಲ್ಲಿ, ಅಂದರೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದಲ್ಲಿ. ಎರಡು ಕೇಂದ್ರ, ಒಂದು ಮಿಂಚು: ಮೆನೆಲಾಸ್‌ನ ತ್ರಿಭುಜವೇ! ಈಗ ದಿಕ್ಕಿನ ಬದಲು ಅಲೆ ತಲುಪಿದ ಕ್ಷಣಗಳನ್ನು ಹೋಲಿಸಿ ಜಾಗ ಹಿಡಿಯುವ ಜಾಲಗಳಿವೆ. ಅಲ್ಲೂ ದೂರ ಅಳೆಯಬೇಕಾದದ್ದು ಬಾಗಿದ ನೆಲದ ಮೇಲೆಯೇ.

ನಿಘಂಟು ಬರೆಯುವ ಕೆಲಸ ನನಗೆ ಸಿಕ್ಕಿದ್ದರೆ ಎರಡನೆಯ ಅರ್ಥದ ಕೊನೆಗೆ ಇಷ್ಟು ಸೇರಿಸುತ್ತಿದ್ದೆ: ‘ಇದು ಹುಟ್ಟಿದ ಜಾಗ ಹುಡುಕಲು ಮೊದಲನೆಯ ಅರ್ಥ ನೋಡಿ.’